ಮುಖ ಕಾಣುವ ನೀಲಿ

ಗುರುತು ಮತ್ತೆ ಅಲ್ಲೇ ಇತ್ತು.

ಬಂದೂಕು ರಿಪೇರಿ ಮಿಸ್ತ್ರಿ ರಿವಾಲ್ವರನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಉಳಿದ ಮೈಯೆಲ್ಲ ಕಪ್ಪುನೀಲಿಯಾಗಿ ಥಳಥಳಿಸುತ್ತಿತ್ತು. ಹಿಡಿಯ ಬೆನ್ನಿನಲ್ಲಿ, ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಹ್ಯಾಮರಿನ ಕೆಳಗೆ ಮಾತ್ರ ಒಂದು ಮಂಕು ಹೆಬ್ಬೆಟ್ಟು, ಅದರ ಮೇಲೊಂದು ಓರೆ ಗೀರು. ಮೊದಲ ಸಲ ಉಕ್ಕಿಗೆ ನೀಲಿ ಬಣ್ಣ ಏರಿಸಿದಾಗಲೂ ಅದೇ ಜಾಗದಲ್ಲಿ ಅದೇ ಹೆಬ್ಬೆಟ್ಟು ಕೂತಿತ್ತು.

ಈ ಕಸುಬಿನಲ್ಲಿ ಇದಕ್ಕಿಂತ ಮಾನಗೇಡು ಬೇರಿಲ್ಲ. ಉಕ್ಕನ್ನು ಕನ್ನಡಿಯಂತೆ ಉಜ್ಜಿ, ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆದ ಮೇಲೆ ಬರಿಗೈ ತಾಗಕೂಡದು. ಬೆರಳಿನ ಜಿಡ್ಡು ತಾಗಿದಲ್ಲಿ ಬಣ್ಣ ಹಿಡಿಯುವುದಿಲ್ಲ. ಇದನ್ನು ಕೇಳಿದವರಿಗೂ ಕೇಳದವರಿಗೂ ಉಪದೇಶಿಸುತ್ತ ಬಂದ ಮಹಾನುಭಾವ ಅವನೇ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ 'ಮುಟ್ಟಬೇಡಿ' ಎಂದು ಬರೆಸಿದ್ದವನೂ ಅವನೇ.

ರಿವಾಲ್ವರ್ ಶಾಲೆಯೊಂದರ ಪಿ.ಟಿ. ಮೇಡಂದು. ಗುಂಡು ಹಾರಿಸುವಂಥದ್ದಲ್ಲ, ಓಟದ ಪಂದ್ಯ ಶುರುಮಾಡಲು ಸದ್ದು ಮಾಡುವಂಥದ್ದು. ಮೊದಲು ಅವಳ ಅಪ್ಪ ಹಾರಿಸುತ್ತಿದ್ದರು, ಅವರು ಹೋದ ಮೇಲೆ ಇವಳು. ಅಂಗಡಿಗೆ ಬಂದಾಗ ಅದು ಮೈಯೆಲ್ಲ ಕಂದು ತುಕ್ಕು. "ತುಕ್ಕು ಇನ್ನೂ ಹರಡಬಾರದು, ಅಷ್ಟಾದ್ರೆ ಸಾಕು," ಎಂದು, ಹಿಡಿಯ ಮೇಲೆ ಕೈಯಿಟ್ಟು ಇನ್ನೇನೋ ಹೇಳಹೊರಟಿದ್ದಳು. ಮಿಸ್ತ್ರಿ ಬಿಡಬೇಕಲ್ಲ. ಮೀನಿಗೆ ಈಜು ಕಲಿಸುವ ಗಿರಾಕಿಗಳನ್ನು ಕಂಡರೆ ಅವನಿಗಾಗದು. "ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬೇಕು, ಹಾಗೆ ಮಾಡ್ಕೊಡ್ತೀನಿ ಮೇಡಂ," ಎಂದು ಮಾದರಿ ತೋರಿಸಿ, ತನ್ನ ಪಾಲಿಷಿನ ಹಿರಿಮೆಯನ್ನು ಅವಳಿಗೆ ಆಕಳಿಕೆ ಬರುವವರೆಗೆ ಕೊಂಡಾಡಿ ಕಳಿಸಿದ್ದ.

ಈಗ ಆ ಕನ್ನಡಿಯ ಮೇಲೆ ಯಾರದೋ ಹೆಬ್ಬೆಟ್ಟು.

ಮೊದಲ ಗುಮಾನಿ ಭಾವಮೈದುನನ ಮೇಲೆ. ಹೆಂಡತಿಯ ತಮ್ಮ ಅದೇ ಅಂಗಡಿಯಲ್ಲಿ ದುಡಿದು ದುಡಿದು ತಲೆ ನರೆಸಿಕೊಂಡಿದ್ದ. ಭಾವನ ಕಣ್ಣು ಎಂದು ಮಂಜಾದೀತು, ಅವನು ಕೂತು ಕೆಲಸ ಮಾಡುವ ಬೆಂಚು ಎಂದು ಖಾಲಿಯಾದೀತು ಎಂದು ಅವನು ಕಾದಿದ್ದಾನೆಂಬುದು ಮಿಸ್ತ್ರಿಯ ನಂಬಿಕೆ. ಎರಡನೆಯ ಗುಮಾನಿ ಹೆಂಡತಿಯ ಮೇಲೆ. ಅದಕ್ಕೆ ಕಾರಣವೇನೂ ಇಲ್ಲ, ಮನೆಯಲ್ಲಿ ಉಳಿದವಳು ಅವಳೊಬ್ಬಳೇ.

ಪತ್ತೇದಾರಿಕೆ ಶುರುವಾಯಿತು. ಗಾಜಿನ ಲೋಟಗಳಿಗೆ ತೆಳ್ಳಗೆ ಎಣ್ಣೆ ಸವರಿ ಇಬ್ಬರಿಗೂ ನೀರು ತಂದುಕೊಟ್ಟ. ಮದುವೆಯಾದಾಗಿನಿಂದ ಗಂಡ ನೀರು ತಂದುಕೊಟ್ಟದ್ದು ಅದೇ ಮೊದಲಾದ್ದರಿಂದ ಹೆಂಡತಿಗೆ ಅನುಮಾನ ಬಂದದ್ದು ಸಹಜ. ಅವಳು ಹಿಂದೆಯೇ ಬಂದು ನೋಡಿದರೆ, ಇವನು ಭೂತಗನ್ನಡಿ ಹಿಡಿದು ಲೋಟದ ಮೇಲೆ ಬಗ್ಗಿದ್ದ.

"ನನ್ನ ಹೆಬ್ಬೆಟ್ಟು ಬೇಕಿದ್ರೆ ಕೇಳಬಾರದಾ? ಇಷ್ಟು ವರ್ಷ ನೀವು ಹೇಳಿದ್ದಕ್ಕೆಲ್ಲ ಒತ್ತಿಲ್ವಾ?"

ಇಬ್ಬರ ಬೆರಳಲ್ಲೂ ಓರೆ ಗೀರು ಇರಲಿಲ್ಲ. ಹಾಗಾದರೆ ನಿಮ್ಮದನ್ನೂ ಒಂದು ಸಲ ನೋಡಿಕೊಳ್ಳಿ ಎಂದಳು ಅವಳು. ಮಿಸ್ತ್ರಿ ನೋಡಿಕೊಂಡ. ಅರ, ಉಳಿ, ಚಕ್ರ ಕೊಟ್ಟ ಗೀರುಗಳಿಂದ ಅವನ ಹೆಬ್ಬೆರಳು ಉತ್ತ ಹೊಲದಂತಿತ್ತು. ಯಾವ ಗುರುತು ತಂದು ಹೋಲಿಸಿದರೂ ಹೊಂದುವಂತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಕೈಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಅವನ ಬಾಯಿ ಯಾವತ್ತೂ ಅವನ ಮಾತು ಕೇಳಿದ್ದಲ್ಲ.

"ಇನ್ನೊಂದು ಸಲ ಈ ಗುರುತು ಕಂಡ್ರೆ ಬೆಂಚು ನಿನ್ನದು, ತಗೋ," ಎಂದುಬಿಟ್ಟ ಭಾವಮೈದುನನಿಗೆ.

ಭಾವಮೈದುನ 'ಛೆ, ಬೇಡ ಭಾವ' ಎನ್ನಲಿಲ್ಲ. ಅದೇ ಮಿಸ್ತ್ರಿಗೆ ಚುಚ್ಚಿದ್ದು. ಆ ಬೆಂಚಿಲ್ಲದಿದ್ದರೆ ಅವನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ನಿಜಕ್ಕೂ ಹೆದರಿಕೆಯಾಯಿತು.

ಆಸಿಡ್ ಸವರಿ ನೀಲಿಯನ್ನೆಲ್ಲ ಇಳಿಸಿದ. ಬಣ್ಣ ಹೋಯಿತು, ಹೆಬ್ಬೆಟ್ಟು ಹೋಗಲಿಲ್ಲ. ಬೆತ್ತಲೆ ಉಕ್ಕಿನಲ್ಲಿ ಬೇರುಬಿಟ್ಟುಕೊಂಡು ಕೂತಿತ್ತು. ಗುರುತು ತನ್ನದೇ ಇರಬೇಕು, ತನ್ನ ಬೆವರು ಉಕ್ಕನ್ನೂ ಕೊರೆಯುವಷ್ಟು ಹುಳಿಯೇ ಎಂದು ಅವನಿಗೆ ನಾಚಿಕೆಯಾಯಿತು. ನೀವು ಮುಟ್ಟಿದ ಬೀಗವೂ ತುಕ್ಕು ಹಿಡಿಯುತ್ತದೆ ಎಂದು ಹೆಂಡತಿ ಹೇಳುತ್ತಿದ್ದುದು ತಮಾಷೆಯಲ್ಲ ಅನ್ನಿಸಿತು.

ಒರಟು ಎಮರಿ ಕಾಗದವನ್ನು ಮರದ ತುಂಡಿಗೆ ಸುತ್ತಿ, ಅಂಚು ಸವೆಯದಂತೆ ಉಜ್ಜಿದ. ಗುರುತು ಹಟ ಹಿಡಿಯಿತು, ಇವನೂ ಹಿಡಿದ. ಕೊನೆಗೆ ಓರೆ ಗೀರೂ ಕರಗಿತು. ಆಮೇಲೆ ನಯದ ಕಾಗದ, ಇನ್ನೂ ನಯದ್ದು, ಕಡೆಗೆ ಬಟ್ಟೆಯ ಚಕ್ರ. ಜಿಡ್ಡು ತೆಗೆದ ಮೇಲೆ ಒಂದರ ಮೇಲೊಂದು ಕೈಗವಸು. ಮೂಗು ತುರಿಸಿದರೆ ಗೋಡೆಗೆ ಉಜ್ಜಿಕೊಂಡ. ಕೊಕ್ಕೆಗೆ ತೂಗುಹಾಕಿ ನೀಲಿ ಹಿಡಿಸುವ ಕುದಿಯುವ ಉಪ್ಪಿನ ತೊಟ್ಟಿಗೆ ಇಳಿಸುವಾಗ, ಉಸಿರು ತಾಗೀತೆಂದು ಮುಖವನ್ನೇ ಆಚೆ ತಿರುಗಿಸಿದ.

ತೊಳೆದು ಎಣ್ಣೆ ಒರೆಸಿ ಬೆಳಕಿಗೆ ಹಿಡಿದರೆ, ಆಳವಾದ ಬಾವಿಯ ನೀರಿನಂಥ ನೀಲಿ. ಎಲ್ಲೂ ಒಂದು ಚುಕ್ಕೆಯಿಲ್ಲ. ಭಾವಮೈದುನ ಬಹಳ ಹೊತ್ತು ನೋಡಿ, ಇದು ತನ್ನ ಕೈಲಿ ಆಗುತ್ತಿರಲಿಲ್ಲ ಎಂದು ಒಪ್ಪಿಕೊಂಡ. ಬೆಂಚು ಉಳಿಯಿತು. ಮಿಸ್ತ್ರಿ ಹಿಡಿಯ ಬೆನ್ನಿನಲ್ಲಿ ತನ್ನ ಮುಖ ನೋಡಿಕೊಂಡ. ಪರವಾಗಿಲ್ಲ, ಈ ವಯಸ್ಸಿಗೂ ಲಕ್ಷಣವಾಗಿದ್ದೇನೆ ಅನ್ನಿಸಿತು.

ಪಿ.ಟಿ. ಮೇಡಂ ಬಂದಳು. ರಿವಾಲ್ವರನ್ನು ಕೈಗೆ ತೆಗೆದುಕೊಂಡು, ನಳಿಗೆಯ ಹೊಳಪನ್ನು ನೋಡದೆ, ಹ್ಯಾಮರಿನ ಕೆಳಗೆ ಹೆಬ್ಬೆರಳಿಟ್ಟಳು. ಬೆರಳು ಅಲ್ಲೇ ಹಿಂದೆ ಮುಂದೆ ಓಡಾಡಿತು. ಕಿಟಕಿಯ ಹತ್ತಿರ ಹೋಗಿ ತಿರುಗಿಸಿ ತಿರುಗಿಸಿ ನೋಡಿದಳು.

"ಹುಡುಕಿ ಮೇಡಂ, ಚೆನ್ನಾಗಿ ಹುಡುಕಿ," ಎಂದ ಮಿಸ್ತ್ರಿ, ಎದೆಯುಬ್ಬಿಸಿ. "ಒಂದೇ ಒಂದು ಗುರುತು ತೋರಿಸಿಬಿಡಿ ನೋಡೋಣ."

"ಇಲ್ಲೇ ಇತ್ತು, ಅಪ್ಪನ ಹೆಬ್ಬೆಟ್ಟು, ಅವರ ಬೆರಳಿಗೆ ಹ್ಯಾಮರ್ ಕಚ್ಚಿದ ಗೀರಿನ ಸಮೇತ," ಎಂದಳು ಅವಳು. "ಅದನ್ನ ತುಕ್ಕು ತಿಂದುಬಿಡುತ್ತೆ ಅಂತಲೇ ನಿಮ್ಮ ಹತ್ರ ತಂದಿದ್ದೆ."