ಪಟ್ಟಿಯ ಮೂರನೆಯ ಹೆಸರು

ಭೌತಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳಿಂದ ಕಿತ್ತುಕೊಂಡ ಮೂರು ಮೊಬೈಲುಗಳಲ್ಲಿ ತಮ್ಮದೇ ಪಾಠ ಓಡಿಸಿಟ್ಟು, ಒಂದನ್ನೂ ನೋಡದೆ, ಸ್ಟಾಫ್ ರೂಮಿನ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಗಣಿತದ ಮೇಡಂ ತಡವಾಗಿ ಬಂದ ಹುಡುಗಿಯರಿಗೆ ಹೊಸ ಶಿಕ್ಷೆ ವಿಧಿಸುತ್ತಿದ್ದರು. ತಮ್ಮ ತ್ರಿಕೋನಮಿತಿಯ ವಿಡಿಯೋವನ್ನು ಮೂರು ಸಲ, ಕೊನೆತನಕ ನೋಡಬೇಕು.

ಬಾಗಿಲಲ್ಲಿ ನಿಂತ ಪೋರ್ಟಲಪ್ಪನಿಗೆ ಸುದ್ದಿ ಸೋರಿದ್ದು ಗೊತ್ತಾಯಿತು.

ಅವನ ನಿಜವಾದ ಹೆಸರು ಬೇರೆ. ಕಾಲೇಜಿನ ಕಲಿಕಾ ಪೋರ್ಟಲನ್ನು ಹದಿನಾಲ್ಕು ವರ್ಷಗಳಿಂದ ಒಬ್ಬನೇ ಸಾಕುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಪೋರ್ಟಲಪ್ಪನಾಗಿದ್ದ. ಪಾಠದ ವಿಡಿಯೋ, ಪ್ರಶ್ನೆಪತ್ರಿಕೆ, ಹಾಜರಿ ಎಲ್ಲವೂ ಅದರ ಹೊಟ್ಟೆಯಲ್ಲಿತ್ತು. ಹೋದ ವಾರ ನಿರ್ದೇಶಕರು ಅವನನ್ನು ಕರೆದು ಹೊಸದೊಂದು ಕೆಲಸ ಹೇಳಿದ್ದರು. ಯಾವ ಅಧ್ಯಾಪಕರ ವಿಡಿಯೋವನ್ನು ಎಷ್ಟು ಮಕ್ಕಳು ಪೂರ್ತಿ ನೋಡಿದ್ದಾರೆ ಎಂಬುದು ತಮ್ಮ ಮೊಬೈಲಿನಲ್ಲಿ ಒಂದೇ ಒತ್ತಿಗೆ ಬರಬೇಕು. ಹೆಚ್ಚು ನೋಡಿಸಿಕೊಂಡವರು ಮೊದಲು, ಉಳಿದವರು ಆಮೇಲೆ.

"ಪೂರ್ತಿ ಓದೋಕೆ ನನಗೆ ಪುರುಸೊತ್ತಿಲ್ಲ. ಮುಂದಿನ ವರ್ಷ ಮೂರು ಜನ ಕಮ್ಮಿ ಆಗ್ಬೇಕು. ಯಾರು ಅನ್ನೋದನ್ನ ಪಟ್ಟಿನೇ ಹೇಳ್ಲಿ, ನನ್ನ ಮೇಲೆ ಯಾರೂ ಮುನಿಸ್ಕೊಳ್ಳೋದು ಬೇಡ," ಎಂದಿದ್ದರು.

ಹಾಗಾಗಿ ಪೋರ್ಟಲಪ್ಪ ಒಂದು ವೆಬ್ ಸರ್ವಿಸ್ ಫಂಕ್ಷನ್ ಬರೆಯಲು ಕುಳಿತಿದ್ದ. ಮೊಬೈಲು ಕೇಳುತ್ತದೆ, ಪೋರ್ಟಲ್ ಉತ್ತರಿಸುತ್ತದೆ, ನಡುವೆ ನಿಂತು ಮಾತಾಡುವುದು ಈ ಫಂಕ್ಷನ್. ಏನು ಕೇಳಬಹುದು, ಕೇಳುವವರಿಗೆ ಹಕ್ಕಿದೆಯೇ, ಉತ್ತರ ಯಾವ ರೂಪದಲ್ಲಿರಬೇಕು ಎಂಬುದನ್ನೆಲ್ಲ ಮೊದಲೇ ಬರೆದು ಪೋರ್ಟಲಿನಲ್ಲಿ ನೋಂದಾಯಿಸಬೇಕು. ಒಂದಕ್ಷರ ಹೆಚ್ಚುಕಮ್ಮಿಯಾದರೂ ಅದು ಮುಖ ತಿರುಗಿಸುತ್ತದೆ. ಸುಳ್ಳು ಹೇಳಿಸಿದರೆ ಮಾತ್ರ ಏನೂ ಅನ್ನುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಎಚ್ಚರವಾದವರೇ, ಬಾಗಿಲಲ್ಲಿದ್ದ ಅವನ ಹೆಗಲ ಮೇಲೆ ಕೈ ಹಾಕಿ, ತಮ್ಮ ಹೆಸರನ್ನು ಚೂರು ಮೇಲಕ್ಕೆತ್ತಬೇಕೆಂದು ಬೇಡಿಕೊಂಡರು. ಪೋರ್ಟಲಪ್ಪ ಹತ್ತು ನಿಮಿಷ ಪ್ರಾಮಾಣಿಕತೆಯ ಬಗ್ಗೆ ಪಾಠ ಮಾಡಿದ. ಮೇಷ್ಟ್ರು ತಲೆ ತಗ್ಗಿಸಿ ಪೂರ್ತಿ ಕೇಳಿದರು. ಅವರ ವಿಡಿಯೋಗೆ ಆ ಭಾಗ್ಯ ಎಂದೂ ಸಿಕ್ಕಿರಲಿಲ್ಲ.

ಅದೇ ಮಧ್ಯಾಹ್ನ ಅವನು ಫಂಕ್ಷನ್ನನ್ನು ಮೊದಲ ಸಲ ಓಡಿಸಿದ. ಇಪ್ಪತ್ತಾರು ಹೆಸರು ಬಂದವು. ಇಪ್ಪತ್ತಾರನೆಯದು ಇತಿಹಾಸದ ಮೇಡಂ. ನೂರಕ್ಕೆ ಐದು.

ಪೋರ್ಟಲಪ್ಪ ಇನ್ನೊಮ್ಮೆ ಓಡಿಸಿ ನೋಡಿದ. ಇತಿಹಾಸದ ಮೇಡಂ ಅವನ ಹೆಂಡತಿ.

ಅವಳ ತರಗತಿಯಲ್ಲಿ ಬೆಂಚು ಸಾಲದೆ ಬೇರೆ ವಿಭಾಗದ ಹುಡುಗರು ಕಿಟಕಿಗೆ ಜೋತುಬಿದ್ದು ಕೇಳುವುದನ್ನು ಅವನೇ ಕಣ್ಣಾರೆ ಕಂಡಿದ್ದ. ಆದರೆ ಕಿಟಕಿಗೆ ಜೋತುಬಿದ್ದವರ ಲೆಕ್ಕ ಪೋರ್ಟಲಿಗೆ ಗೊತ್ತಿಲ್ಲವಲ್ಲ. ಐವತ್ತೊಂದರ ವಯಸ್ಸಿನಲ್ಲಿ ಕೆಲಸ ಹೋದರೆ ಇನ್ಯಾರು ಕರೆದು ಕೊಡುತ್ತಾರೆ? ಕೊಟ್ಟರೂ, ಆ ತರಗತಿಯಿಲ್ಲದೆ ಅವಳು ಬಾಡಿಹೋಗುತ್ತಾಳೆ. ಅವನಿಗೆ ನಿಜವಾಗಿಯೂ ಭಯವಾಯಿತು.

ಮನೆಗೆ ಹೋಗಿ ಹೇಳಿದ. ಅವಳು ಉತ್ತರಪತ್ರಿಕೆ ತಿದ್ದುತ್ತಲೇ ನಕ್ಕಳು.

"ಕ್ಲಾಸಲ್ಲಿ ಎದುರಿಗೇ ಕೇಳಿದ ಮೇಲೆ ವಿಡಿಯೋ ಯಾಕ್ರೀ ನೋಡ್ತಾರೆ? ಹೊಟ್ಟೆ ತುಂಬಾ ಉಂಡವರು ಊಟದ ಫೋಟೋ ನೋಡ್ತಾ ಕೂರ್ತಾರಾ?"

"ಅದನ್ನ ನಿರ್ದೇಶಕರಿಗೆ ಯಾರು ಹೇಳ್ತಾರೆ?"

"ಯಾರೂ ಹೇಳ್ಬೇಡಿ. ಐದಿದ್ರೆ ಐದೇ ಬರ್ಲಿ. ನನ್ನ ಹೆಸರು ಮಾತ್ರ ಮುಟ್ಟಬೇಡಿ."

ಅವನು ಹೂಂಗುಟ್ಟಿದ. ಮರುದಿನ ಬೆಳಿಗ್ಗೆ ಮುಟ್ಟಿದ.

ಒಂದೇ ಒಂದು ಸಾಲು. ಇತಿಹಾಸದ ಮೇಡಂ ಬಂದರೆ ಉತ್ತರಕ್ಕೆ ನಲವತ್ತು ಸೇರಿಸು. ಅವಳು ಪಟ್ಟಿಯ ನಡುವಿಗೆ ಬಂದು ಕೂತಳು. ಯಾರ ಕಣ್ಣಿಗೂ ಬೀಳದ ಜಾಗ. ಆದರೆ ಸಂಜೆಯ ಹೊತ್ತಿಗೆ ಸ್ಟಾಫ್ ರೂಮಿನ ಮೊಬೈಲುಗಳು, ಗಣಿತದ ಶಿಕ್ಷೆಗಳು ತಮ್ಮ ಕೆಲಸ ಮಾಡಿದ್ದವು. ಹಲವರು ಮೇಲೇರಿ, ಅವಳು ಇಪ್ಪತ್ತೆರಡನೆಯ ಸ್ಥಾನಕ್ಕೆ ಜಾರಿದ್ದಳು. ಈ ಕಳ್ಳರ ಮಧ್ಯೆ ಪಟ್ಟಿಯ ನಡುವೆಂಬುದೇ ನಂಬುವ ಜಾಗವಲ್ಲ ಎನಿಸಿತು. ನಲವತ್ತನ್ನು ಅಳಿಸಿ ಎಂಬತ್ತೈದು ಬರೆದ. ಮೊದಲನೆಯವಳಾದರೆ ಜನ ಆಡಿಕೊಳ್ಳುತ್ತಾರೆ. ಮೂರನೆಯದು ಮರ್ಯಾದೆಯ ಜಾಗ.

ಶುಕ್ರವಾರ ನಿರ್ದೇಶಕರ ಕೋಣೆಗೆ ಹೋಗಿ, ಅವರ ಮೊಬೈಲಿಗೆ ಅದನ್ನು ಜೋಡಿಸಿ ಕೊಟ್ಟ. ಅವರು ಒತ್ತಿದರು. ಪಟ್ಟಿ ಬಂತು. ಮೇಲಿನ ಹೆಸರುಗಳನ್ನು ಓದಿ ಅವರ ಹುಬ್ಬು ಏರಿತು.

"ಭೌತಶಾಸ್ತ್ರ, ಗಣಿತ... ಅರೆ, ನಿಮ್ಮ ಮನೆಯವರೂ ಇದ್ದಾರಲ್ಲ."

ಪೋರ್ಟಲಪ್ಪ ನಾಚಿಕೊಂಡಂತೆ ನೆಲ ನೋಡಿದ.

"ಲೆಕ್ಕ ಸರಿಯಾಗಿದೆ ತಾನೆ? ಸ್ವಂತದವರು ಅಂತ ಏನಾದ್ರೂ..."

ಅವನಿಗೆ ರೋಷವೇ ಬಂತು. ಹದಿನಾಲ್ಕು ವರ್ಷದ ತನ್ನ ಸೇವೆಯನ್ನು ನೆನಪಿಸಿದ. ಭೌತಶಾಸ್ತ್ರದವರಿಗೆ ತಾನು ಮಾಡಿದ ಪಾಠವನ್ನು ಹೇಳಿದ. ಒಂದಂಕಿ ತಪ್ಪಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದ. ನಿರ್ದೇಶಕರು ಕೇಳಿದ್ದಕ್ಕೆ, ಇದನ್ನೆಲ್ಲ ಬರೆದು ಸಹಿಯನ್ನೂ ಹಾಕಿದ.

ಅವರು ಗುಮಾಸ್ತೆಯನ್ನು ಕರೆದು ಮೇಲಿನ ಮೂವರಿಗೂ ಒಂದೊಂದು ಪತ್ರ ತಯಾರಿಸಲು ಹೇಳಿದರು. ಮೆಚ್ಚುಗೆಯ ಪತ್ರವನ್ನು ಗೋಡೆಗೆ ಹಾಕಿಸಿದರೆ ಹೆಂಡತಿ ಬಯ್ಯುತ್ತಾಳೋ ಏನೋ ಎಂದು ಪೋರ್ಟಲಪ್ಪ ಒಳಗೊಳಗೇ ಲೆಕ್ಕ ಹಾಕುತ್ತಿದ್ದ.

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಜವಾದ ಸಂಕಟದಿಂದಲೇ ಹೇಳಿದರು: "ಬೇಜಾರು ಮಾಡ್ಕೋಬೇಡಿ, ಮಕ್ಕಳು ಇವರ ಪಾಠಾನ ವಿಡಿಯೋದಲ್ಲೇ ಪೂರ್ತಿ ನೋಡ್ಕೋತಾರೆ ಅಂದ್ಮೇಲೆ ಇವರನ್ನ ಇಟ್ಕೊಂಡು ಏನ್ಮಾಡ್ಲಿ, ವಿಡಿಯೋನ ಯಾರೂ ನೋಡದೇ ಇರೋ ಮೇಷ್ಟ್ರು ತಾನೇ ನನಗೆ ಕ್ಲಾಸಿಗೆ ಬೇಕಾಗೋದು?"