ಡಬ್ಬಿಯಲ್ಲಿದ್ದ ಹಳೆಯ ಅನಿಲ

ಬೆಣಚುಕಲ್ಲಿನ ಪುಡಿ ಕಾಯಿಸಿದಾಗ ಹೊರಬಂದ ಆರ್ಗಾನ್ ಅನಿಲ ಮುನ್ನೂರು ಕೋಟಿ ವರ್ಷಗಳಿಂದ ಕಲ್ಲೊಳಗೇ ಸಿಕ್ಕಿಬಿದ್ದಿತ್ತೆಂದು ಪ್ರೊಫೆಸರರು ಸಾರಿದ್ದೇ ತಡ, ಪೇಪರಿನಲ್ಲಿ ಫೋಟೊ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಈಗ ಅದೇ ಪರೀಕ್ಷೆಯನ್ನು ಕಣ್ಣಾರೆ ನೋಡಲು ನಾಡಿದ್ದು ಪರಿಣತರು ಬರುವವರಿದ್ದರು. ಪುಡಿ ಇಟ್ಟಿದ್ದ ಡಬ್ಬಿ ನೋಡಿದರೆ ಖಾಲಿ. ಪ್ರೊಫೆಸರರು ಮತ್ತೆ ಅದೇ ಬೆಟ್ಟ ಹತ್ತಿ, ಅದೇ ಬಂಡೆ ಒಡೆದು ತಂದು, ಕುಟ್ಟಿ ಕಾಯಿಸಿದರು. ಅಷ್ಟು ಹಳೆಯ ಅನಿಲ ಬರಲೇ ಇಲ್ಲ.

"ಮೂರು ಸಲ ಬೆಟ್ಟ ಹತ್ತಿದೆ ಸಣ್ಣಮ್ಮಾ, ಮಂಡಿ ಸವೆದುಹೋಯ್ತು. ಆ ಡಬ್ಬೀಲಿದ್ದಂಥ ಪುಡಿ ಮಾತ್ರ ಸಿಗ್ತಿಲ್ಲ," ಎಂದು ನೆಲ ಒರೆಸುತ್ತಿದ್ದವಳ ಮುಂದೆ ಗೋಳಾಡಿದರು.

ಸಣ್ಣಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. "ಬಯ್ಯಲ್ಲ ಅಂದ್ರೆ ಒಂದು ಮಾತು ಹೇಳ್ಲಾ ಸಾರ್?"

"ಹೇಳಮ್ಮ."

"ಆಯುಧಪೂಜೆಗೆ ನಿಮ್ಮ ಮಿಷಿನ್ ಮುಂದೆ ದೊಡ್ಡ ರಂಗೋಲಿ ಹಾಕಿದ್ನಲ್ಲ, ನೀವೂ ಚೆನ್ನಾಗಿದೆ ಅಂದ್ರಿ. ಹಾಕಿದ್ದು ಆ ಡಬ್ಬೀಲಿದ್ದ ಪುಡೀಲೇ."

ಪ್ರೊಫೆಸರರು ಖಾಲಿ ಡಬ್ಬಿಯೊಳಗೆ ಇಣುಕಿದರು. "ಹಾಗಾದ್ರೆ ಆಮೇಲೆ ನಾನು ಕಾಯಿಸಿದ್ದು?"

"ಖಾಲಿ ಡಬ್ಬಿ ಇಡೋಕೆ ಮನಸ್ಸು ಬರ್ಲಿಲ್ಲ, ತುಂಬಿಸಿಟ್ಟೆ. ರಂಗೋಲಿ ಮಾರೋಳು ನಾಳೆ ಬೆಳಿಗ್ಗೆ ನಮ್ಮ ಬೀದಿಗೆ ಬರ್ತಾಳೆ. ಎಷ್ಟು ಸೇರು ತರ್ಲಿ?"