ತುಟಿ ಬಿಚ್ಚಬಾರದು

"ಎಲ್ಲಿ ನೋಯುತ್ತೆ ಪುಟ್ಟಿ?" ಎಂದು ವಾರ್ಡಿನ ದೊಡ್ಡ ಸಿಸ್ಟರ್ ಕೇಳಿದ್ದು ಹುಡುಗಿಯನ್ನು. ಉತ್ತರ ಬಂದದ್ದು ಅಮ್ಮನಿಂದ.

"ಹೊಕ್ಕಳ ಸುತ್ತ ಸಿಸ್ಟರ್. ಎರಡು ತಿಂಗಳಾಯ್ತು. ಬೆಳಿಗ್ಗೆ ಎಂಟೂವರೆ ಆಯ್ತೂಂದ್ರೆ ಶುರು. ಸ್ಕ್ಯಾನ್ ಆಯ್ತು, ರಕ್ತಪರೀಕ್ಷೆ ಆಯ್ತು, ಹುಳದ ಮಾತ್ರೆ ಆಯ್ತು. ನಾಳೆ ಗಂಟಲೊಳಗೆ ಟ್ಯೂಬ್ ಇಳಿಸಿ ನೋಡ್ತಾರಂತೆ. ನನಗಂತೂ ಎರಡು ದಿನದಿಂದ ಊಟ ಸೇರ್ತಿಲ್ಲ."

ಅರಳು ಹುರಿದ ಹಾಗೆ ಮಾತು. ಪಾಪ, ಭಯಕ್ಕೆ ಕೆಲವರ ಬಾಯಿ ಕಟ್ಟುತ್ತದೆ, ಕೆಲವರದು ಬಿಚ್ಚಿಕೊಳ್ಳುತ್ತದೆ. ಹತ್ತು ವರ್ಷದ ಮಗಳು ಮಂಚದ ಅಂಚಿನಲ್ಲಿ ಕೂತು ತನ್ನ ಕಾಲ್ಬೆರಳು ನೋಡುತ್ತಿದ್ದಳು. ಮುಂದಿನ ಎರಡು ಪ್ರಶ್ನೆಗೂ ಅಮ್ಮನೇ ಉತ್ತರ ಕೊಟ್ಟಳು.

ಸಿಸ್ಟರ್ ಹಳೆಯ ಗಾಜಿನ ಥರ್ಮಾಮೀಟರ್ ತೆಗೆದು, ಒದರಿ, ಅಮ್ಮನ ಮುಂದೆ ಹಿಡಿದರು. "ಊಟ ಸೇರ್ತಿಲ್ಲ ಅಂದ್ರಲ್ಲ, ನಿಮ್ದೂ ಜ್ವರ ನೋಡಿಬಿಡೋಣ. ನಾಲಿಗೆ ಕೆಳಗಿಟ್ಕೊಳ್ಳಿ. ಐದು ನಿಮಿಷ ತುಟಿ ಬಿಚ್ಚಬಾರದು."

ಹಣೆಗೆ ತೋರಿಸಿದರೆ ಚಿಟಿಕೆ ಹೊಡೆಯುವುದರಲ್ಲಿ ಜ್ವರ ಹೇಳುವ ಯಂತ್ರ ಮೇಜಿನ ಮೇಲೇ ಇತ್ತು. ಆದರೂ ಸಿಸ್ಟರ್ ಆ ಗಾಜಿನ ಕಡ್ಡಿ ಬಿಡುವುದಿಲ್ಲವೆಂದು ಹೊಸ ಡಾಕ್ಟರುಗಳು ನಗುತ್ತಾರೆ. ನಗಲಿ. ಇಪ್ಪತ್ತಾರು ವರ್ಷದಲ್ಲಿ ಅದು ಅಳೆದ ಜ್ವರಕ್ಕಿಂತ ಮುಚ್ಚಿಸಿದ ಬಾಯಿಗಳೇ ಹೆಚ್ಚು.

ಆಮೇಲೆ ಸಿಸ್ಟರ್ ಒಂದು ಗಿಡ್ಡ ಸ್ಟೂಲ್ ಎಳೆದುಕೊಂಡು ಹುಡುಗಿಗಿಂತ ತಗ್ಗಿನಲ್ಲಿ ಕೂತರು. ಬ್ಯಾಂಡೇಜ್ ಬಟ್ಟೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ತುದಿಯಿಂದ ಸುತ್ತತೊಡಗಿದರು. ಏನೂ ಕೇಳಲಿಲ್ಲ. ನಾವಾಗಿದ್ದರೆ ಅರ್ಧ ನಿಮಿಷಕ್ಕೇ ಇನ್ನೊಂದು ಪ್ರಶ್ನೆ ಎಸೆಯುತ್ತಿದ್ದೆವು. ಅವರು ಒಂದು ಸುರುಳಿ ಮುಗಿಸಿ ಎರಡನೆಯದಕ್ಕೆ ಕೈಹಾಕಿದರು.

"ತಮ್ಮನ್ನ ಸ್ಕೂಲಿಗೆ ನಾನೇ ಕರ್ಕೊಂಡು ಹೋಗೋದು," ಎಂದಳು ಹುಡುಗಿ, ಬಟ್ಟೆಯನ್ನೇ ನೋಡುತ್ತ.

"ಹ್ಞೂಂ."

"ಒಂದಿನ ರಸ್ತೆ ದಾಟುವಾಗ ಅವನ ಕೈ ಬಿಟ್ಟುಬಿಟ್ಟೆ. ಸಾಕ್ಸ್ ಎಳ್ಕೊಳ್ಳೋಕೆ. ಲಾರಿ ಬಂತು."

ಅಮ್ಮನ ಕಣ್ಣು ಅಗಲವಾಯಿತು. ಸಿಸ್ಟರ್ ಅತ್ತ ತಿರುಗಲಿಲ್ಲ. "ಹ್ಞೂಂ."

"ಅವನಿಗೇನೂ ಆಗ್ಲಿಲ್ಲ. ಟೋಪಿ ಬಿತ್ತು, ಲಾರಿ ಅದರ ಮೇಲೆ ಹತ್ತಿ ಹೋಯ್ತು. ಅಮ್ಮಂಗೆ ಟೋಪಿ ಕಳೆದುಹೋಯ್ತು ಅಂದೆ." ಅವಳು ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀನಿದ್ದೀಯಲ್ಲ, ನನಗೇನು ಯೋಚನೆ ಅಂತ ಅಮ್ಮ ದಿನಾ ಹೇಳ್ತಾಳೆ. ಎಂಟೂವರೆಗೆ, ಬಾಗಿಲ ಹತ್ರ."

ಸಿಸ್ಟರ್ ನಾಳೆಯ ಟ್ಯೂಬಿನ ಚೀಟಿಯನ್ನು, ಡಾಕ್ಟರ ಜೊತೆ ಮಾತಾಡಲೆಂದು, ಮೆಲ್ಲಗೆ ಪಕ್ಕಕ್ಕೆ ತೆಗೆದಿಟ್ಟರು. ಹುಡುಗಿ ಇನ್ನೂ ಹೇಳುತ್ತಲೇ ಇದ್ದಳು: ಲಾರಿಯ ಬಣ್ಣ, ತಮ್ಮ ನಕ್ಕದ್ದು, ಕನಸಿನಲ್ಲಿ ಅವನು ನಗದೇ ಇದ್ದದ್ದು.

ಗೋಡೆ ಗಡಿಯಾರದಲ್ಲಿ ಐದು ನಿಮಿಷ ಯಾವಾಗಲೋ ದಾಟಿತ್ತು. ಸಿಸ್ಟರ್ ಥರ್ಮಾಮೀಟರಿಗೆ ಕೈ ಚಾಚಿದರು.

ಅಮ್ಮ ಬೇಡವೆಂದು ತಲೆಯಾಡಿಸಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತುಟಿಗಳನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ, ಮಗಳ ಕಡೆ ಕೈ ತೋರಿಸಿದಳು.